ಯಾರ ಪಕ್ಷವನ್ನೂ ಹಿಡಿಯದ ವಾದಿರಾಜರು

ವಾದಿರಾಜರು ಹೇಡಿ. ಸಭ್ಯ, ವಿದ್ಯಾವಂತ, ಯಾರ ಮನಸ್ಸನ್ನೂ ನೋಯಿಸದ ಹೇಡಿ, ಆದರೆ ಹೇಡಿಯೇ. ಮಾವಳ್ಳಿಯ ಗಂಗರತ್ನಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು, ಮನುಷ್ಯರನ್ನು ಅಳೆಯುವುದರಲ್ಲಿ ತಪ್ಪಿದ್ದು ಕಡಿಮೆ. ಎರಡು ಸಾವಿರದ ಏಳನೆಯ ಇಸವಿಯ ಬೇಸಗೆಯಲ್ಲಿ ಅವರು ಬಂದ ತೀರ್ಮಾನ ಇದು.

ಎನ್.ಆರ್. ಕಾಲೋನಿಯ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮೊದಲು ವಾದಿರಾಜರು ಕಂದು ಬಣ್ಣದ ಕೋಟು ತೊಡುತ್ತಿದ್ದರು. ನೌಕರಿಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ, ಅಂತರಜಾಲದ ಕನ್ನಡ ವಿಶ್ವಕೋಶದಲ್ಲಿ ಬರೆಯುವುದೆಂದರೆ ಸಾರ್ವಜನಿಕರ ಎದುರು ನಿಲ್ಲುವುದು, ಬನಿಯನ್ನಿನಲ್ಲಿ ನಿಲ್ಲಲಾಗದು ಎಂಬುದು ಅವರ ನಂಬಿಕೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ಪುಟಗಳಲ್ಲಿ ಗಡಿ, ನದಿ, ಜಾತಿ ಎಂದು ಜನ ಕೈಕೈ ಮಿಲಾಯಿಸಿದಾಗಲೆಲ್ಲ ಬಿಡಿಸಲು ಹೋಗುತ್ತಿದ್ದವರು ಅವರೇ. ‘ಕ್ರೂರ’ವನ್ನು ತೆಗೆಯುತ್ತಿದ್ದರು, ‘ಮಹಾನ್’ ಅನ್ನೂ ತೆಗೆಯುತ್ತಿದ್ದರು. ಉಳಿದ ವಾಕ್ಯಕ್ಕೆ ‘ಎಂದು ಇಂಥವರು ಹೇಳುತ್ತಾರೆ’ ಎಂಬ ಬಾಲ ಕಟ್ಟುತ್ತಿದ್ದರು. ಈ ಚಾಳಿ ಅಡುಗೆಮನೆಗೂ ದಾಟಿತ್ತು. ಹುಳಿಗೆ ಉಪ್ಪು ಸರಿಯಿದೆಯೇ ಎಂದರೆ, “ಸಾಲದು ಅಂತ ಒಂದು ಅಭಿಪ್ರಾಯ ಇದೆ” ಎನ್ನುವರು. ಪತ್ನಿ ಚೂಡಾಮಣಿ ಬಂದವರಿಗೆಲ್ಲ ಹೇಳುತ್ತಿದ್ದರು: “ಹೆಣ್ಣು ನೋಡಕ್ಕೆ ಬಂದಾಗ್ಲೂ ಇವರು ಒಪ್ಪಿಗೆ ಅನ್ಲಿಲ್ಲ ಕಣ್ರೀ. ಆಕ್ಷೇಪಣೆ ಇಲ್ಲ ಅಂದ್ರು.”

ವಿಶ್ವಕೋಶಕ್ಕೆ ಬರೆಯುವ ನಾಲ್ಕಾರು ಜನ ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ಸೇರುತ್ತಿದ್ದರು. ಗಂಗರತ್ನಮ್ಮ ಅವರಲ್ಲೊಬ್ಬರು, ಅವರಿಗೆ ಕನ್ನಡ ಟೈಪು ಮಾಡುವುದನ್ನು ಕಲಿಸಿದವರೂ ವಾದಿರಾಜರೇ. ಆ ಬೇಸಗೆಯಲ್ಲಿ ಚಾಮರಾಜಪೇಟೆಯ ಹಳೆಯ ವಿದ್ಯಾರ್ಥಿನಿಲಯವೊಂದರ ಬಗ್ಗೆ ಹೊಸ ಪುಟ ಕಾಣಿಸಿತು. ೧೯೫೪ರಲ್ಲಿ ಐವರು ವಿದ್ಯಾರ್ಥಿಗಳನ್ನು ಅಶಿಸ್ತಿಗಾಗಿ ಹೊರಹಾಕಲಾಯಿತು ಎಂದು ಹೆಸರುಗಳ ಸಮೇತ ಅದರಲ್ಲೊಂದು ಸಾಲು. ಆಧಾರ, ನಿಲಯದವರೇ ಅಚ್ಚು ಹಾಕಿಸಿದ ಸ್ಮರಣಸಂಚಿಕೆ. ಐವರಲ್ಲಿ ಗಂಗರತ್ನಮ್ಮನವರ ಅಣ್ಣ ಕಾಳಪ್ಪನೂ ಒಬ್ಬ. ಊಟದ ಮನೆಯಲ್ಲಿ ತಮ್ಮ ಜಾತಿಯವರಿಗೆಂದು ಬೇರೆ ಹಾಕಿದ್ದ ಪಂಕ್ತಿಯಲ್ಲಿ ಕೂರಲೊಲ್ಲೆ ಎಂದದ್ದೇ ಅವನ ಅಶಿಸ್ತು. ಅಲ್ಲಿಗೆ ಓದು ನಿಂತಿತು. ಮುಂದಿನ ನಲವತ್ತು ವರ್ಷ ಮರದ ಡಿಪೋದಲ್ಲಿ ಕಳೆಯಿತು. ಈಗ ಎಪ್ಪತ್ತು ದಾಟಿ, ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಕಾಲೇಜು ಓದುತ್ತಿದ್ದ ಮೊಮ್ಮಗಳು ವಿಶಾಖಾ ಆ ಸಾಲನ್ನು ಕಂಡು, “ತಾತ, ನೀನೇನ್ ಮಾಡಿದ್ದೆ?” ಎಂದು ಕೇಳಿದ್ದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಗಂಗರತ್ನಮ್ಮ ಸಾಲನ್ನು ತಿದ್ದಿದರು. ಸಂಜೆಯೊಳಗೆ ವಾದಿರಾಜರು ಅದನ್ನು ಮೊದಲಿನಂತೆ ಮಾಡಿ, ‘ಎಂದು ಸ್ಮರಣಸಂಚಿಕೆ ಹೇಳುತ್ತದೆ’ ಎಂದಷ್ಟೇ ಸೇರಿಸಿದರು.

“ನಮ್ಮಣ್ಣ ಇನ್ನೂ ಬದುಕಿದಾನೆ ಸಾರ್. ಬಂದು ಕೇಳಿ,” ಎಂದರು ಗಂಗರತ್ನಮ್ಮ, ಮುಂದಿನ ಭಾನುವಾರ.

“ಕೇಳಿದ್ದನ್ನ ಹಾಕೋ ಹಾಗಿಲ್ಲಮ್ಮ. ಅಚ್ಚಾಗಿರ್ಬೇಕು.”

“ಅಚ್ಚು ಹಾಕ್ಸೋರು ಯಾರು? ಹೊರಗೆ ಹಾಕಿದೋರೇ ತಾನೆ?”

“ಅದು ನಿಜ.”

“ನಿಜ ಅಂತೀರಲ್ಲ, ಹಾಗೇ ಬರೀರಿ ಮತ್ತೆ.”

“ನಿಜ ಅನ್ನೋದೊಂದೇ ಸಾಲದು.”

“ನೀವು ಹೊಟ್ಟೆ ಹಸಿದ್ರೂ ಆಧಾರ ಕೇಳ್ತೀರೇನೋ ಸಾರ್,” ಎಂದು ಗಂಗರತ್ನಮ್ಮ ಎದ್ದರು. ಚೂಡಾಮಣಿ ತಂದಿಟ್ಟ ಕಾಫಿ ಹಾಗೆಯೇ ಉಳಿಯಿತು.

ನಿಷ್ಪಕ್ಷಪಾತಿಗಳೆನಿಸಿಕೊಂಡವರ ಒಂದು ವರ್ಗವೇ ಉಂಟು. ತಮ್ಮದೇನೂ ಕಳೆಯದ ಜಗಳದಲ್ಲಿ ಅವರ ತಕ್ಕಡಿ ಕೂದಲೆಳೆಯಷ್ಟೂ ವಾಲದು; ನಾವೂ ಅದನ್ನು ನ್ಯಾಯವೆಂದು ಗೌರವಿಸುತ್ತೇವೆ. ಅವರ ಪರೀಕ್ಷೆ ನಡೆಯುವುದು ಜಗಳ ಅವರದೇ ಹೊಸ್ತಿಲಿಗೆ ಬಂದಾಗ. ಬಹುಮಂದಿ ಆಗ ಬಾಗಿಲು ಹಾಕಿಕೊಳ್ಳುತ್ತಾರೆ, ಹಾಕಿಕೊಂಡದ್ದು ಹೊರಗಿನವರಿಗೆ ತಿಳಿಯುವುದೂ ಇಲ್ಲ.

ಮೂರು ವಾರದ ಮೇಲೆ ವಾದಿರಾಜರು ಮಾವಳ್ಳಿಗೆ ನಡೆದೇ ಬಂದರು. ಕೈಯಲ್ಲಿ ಒಂದು ಉದ್ದನೆಯ ಕವರು, ಅದರೊಳಗೆ ಹಳದಿ ತಿರುಗಿದ ಒಂದು ಹಾಳೆ.

“ನಮ್ಮ ತಂದೆ ಆ ನಿಲಯದ ವಾರ್ಡನ್ ಆಗಿದ್ರು,” ಎಂದರು, ಬಾಗಿಲಲ್ಲೇ ನಿಂತು. “ಸಮಿತಿಗೆ ಅವರು ಕೊಟ್ಟ ವರದಿಯ ಪ್ರತಿ ಇದು. ಪತ್ರಿಕೆಗೆ ಕಳಿಸಿ. ಅಚ್ಚಾದ್ಮೇಲೆ ಯಾರಾದ್ರೂ ಪುಟಕ್ಕೆ ಸೇರಿಸ್ತಾರೆ. ನಾನಿನ್ನು ಆ ಪುಟ ಮುಟ್ಟೋ ಹಾಗಿಲ್ಲ. ವಾರ್ಡನ್ ಮಗ ಅಂತ ಮೊದಲೇ ಹೇಳ್ಬೇಕಿತ್ತು, ಇವತ್ತು ಬೆಳಿಗ್ಗೆ ಆ ಪುಟದ ಚರ್ಚೆಯಲ್ಲೇ ಬರೆದು ಬಂದಿದೀನಿ.”

“ಎಷ್ಟು ದಿನದಿಂದ ಇತ್ತು ಇದು ನಿಮ್ಮನೇಲಿ?”

“ಅವರು ಹೋದಾಗಿಂದ. ಇಪ್ಪತ್ತೆರಡು ವರ್ಷ.”

ಗಂಗರತ್ನಮ್ಮ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ವಾದಿರಾಜರೇ ಚಪ್ಪಲಿ ಬಿಟ್ಟು ಒಳಬಂದು, ಕಾಳಪ್ಪನ ಮಂಚದ ಪಕ್ಕದಲ್ಲಿ ನಿಂತು ಓದಿದರು: “ಈ ಐವರು ಪ್ರತ್ಯೇಕ ಪಂಕ್ತಿಯಲ್ಲಿ ಕೂರಲು ನಿರಾಕರಿಸಿರುತ್ತಾರೆ. ಇದರ ಹೊರತು ಇವರ ನಡತೆಯಲ್ಲಿ ಯಾವ ದೋಷವೂ ಕಂಡುಬಂದಿರುವುದಿಲ್ಲ. ಸಮಿತಿಯ ಆಜ್ಞೆಯ ಮೇರೆಗೆ ಇಂದು ನಿಲಯದಿಂದ ತೆಗೆಯಲಾಗಿದೆ.” ಸಹಿಯ ಹತ್ತಿರ ಬಂದು ನಿಲ್ಲಿಸಿ, ಹಾಳೆ ಮಡಚಿದರು.

ಕಾಳಪ್ಪ ಮೊಮ್ಮಗಳನ್ನು ಕೂಗಿ ಕರೆದ. “ಇನ್ನೊಂದ್ಸಲ ಓದಿ ಸ್ವಾಮಿ,” ಎಂದ. “ಇವಳೂ ಕೇಳಿಸ್ಕೊಳ್ಲಿ.”

ವಾದಿರಾಜರು ಹಾಳೆ ಬಿಚ್ಚಿ ಮತ್ತೆ ಮೊದಲಿನಿಂದ ಓದಿದರು. ಈ ಸಲ ತಂದೆಯ ಹೆಸರನ್ನೂ.