ನೂರ ಎಂಬತ್ತು ರೂಪಾಯಿಯ ಹಂಚು

ನಾನು ಒಂದು ರೊಟ್ಟಿ ಹಂಚು. ಗದಗಿನ ಕಮ್ಮಾರನೊಬ್ಬ ದಪ್ಪ ತಗಡನ್ನು ಕಾಸಿ, ಬಡಿದು ನನ್ನನ್ನು ಮಾಡಿದ. ಸಂತೆಯಲ್ಲಿ ನೀಲವ್ವನ ಗಂಡ ನನ್ನನ್ನು ಕೊಂಡು ತನ್ನ ಖಾನಾವಳಿಗೆ ತಂದ. ಎರಡೇ ವರ್ಷಕ್ಕೆ ಅವನು ತೀರಿಹೋದ. ಖಾನಾವಳಿ ಅವನ ತಮ್ಮ ಮಹಾರುದ್ರಪ್ಪನ ಹೆಸರಿಗೆ ಬಂತು. ನಾನೂ ನೀಲವ್ವನೂ ಒಲೆಯ ಹತ್ತಿರವೇ ಉಳಿದೆವು. ದಿನಕ್ಕೆ ಮುನ್ನೂರು ರೊಟ್ಟಿ, ಇಪ್ಪತ್ತೆರಡು ವರ್ಷ. ಇಡೀ ಖಾನಾವಳಿ ನನ್ನ ಮೇಲೇ ನಿಂತಿದೆ ಎಂಬ ಸೊಕ್ಕು ನನಗಿತ್ತು.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಮಹಾರುದ್ರಪ್ಪ ಹುಬ್ಬಳ್ಳಿಯ ಹೋಟೆಲಿನವರೊಬ್ಬರನ್ನು ಕರೆತಂದ. ಖಾನಾವಳಿ ಮಾರುತ್ತಾನಂತೆ! ನೀಲವ್ವನಿಗೆ ಒಂದು ಮಾತೂ ಹೇಳಿರಲಿಲ್ಲ. ಬೆಲೆ ಕಟ್ಟಲು ಅವನ ಮಗಳು ಅಕ್ಷತಾ ಪುಸ್ತಕ ಹಿಡಿದು ಕೂತಳು. ಕಾಲೇಜಿನಲ್ಲಿ ಅವಳಿಗೆ ಅದೇ ಪಾಠ ನಡೆದಿತ್ತು.

“ಮೂರು ದಾರಿ ಅದಾವ್ರಿ,” ಅಂದಳು.

ಮೊದಲನೆಯದು, ಇರುವ ಸಾಮಾನಿನ ಬೆಲೆ. ಬೆಂಚು, ಬೋಗುಣಿ ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಅದರಲ್ಲಿ ನಾನು ಆರು ಕಿಲೋ ಕಬ್ಬಿಣ, ಗುಜರಿಗೆ ನೂರ ಎಂಬತ್ತು ರೂಪಾಯಿ. ನೂರ ಎಂಬತ್ತು! ನನ್ನ ಸೊಕ್ಕೆಲ್ಲ ಅಲ್ಲಿಗೇ ಇಳಿಯಿತು.

ಎರಡನೆಯದು, ಅಂಥದ್ದೇ ಅಂಗಡಿ ಎಷ್ಟಕ್ಕೆ ಹೋಯಿತು ಎಂದು ನೋಡುವುದು. ಪಕ್ಕದ ಓಣಿಯ ಖಾನಾವಳಿ ಎರಡು ವರ್ಷದ ಲಾಭಕ್ಕೆ ಸಮನಾದ ಬೆಲೆಗೆ ಮಾರಾಟವಾಗಿತ್ತು. ನಮ್ಮ ಲಾಭ ವರ್ಷಕ್ಕೆ ಆರು ಲಕ್ಷ, ಬೆಲೆ ಹನ್ನೆರಡು ಲಕ್ಷ. ಮೂರನೆಯದು, ಮುಂದೆ ಬರುವ ಲಾಭಕ್ಕೆ ಇವತ್ತೇ ಬೆಲೆ ಕಟ್ಟುವುದು. ನಾಳೆ ಬರುವ ನೂರು ರೂಪಾಯಿ ಇವತ್ತಿಗೆ ನೂರಲ್ಲ, ತುಸು ಕಡಿಮೆ; ಆ ಕಡಿಮೆಯನ್ನು ಕಳೆದರೂ ಹದಿನೆಂಟು ಲಕ್ಷ! ಮಹಾರುದ್ರಪ್ಪ ಮೀಸೆ ತಿರುವಿದ.

“ಅಕ್ಕಾರು ರೊಟ್ಟಿ ಮಾಡ್ಕೊಂತ ಇಲ್ಲೇ ಇರ್ತಾರಲ್ರಿ?” ಹೋಟೆಲಿನವರು ಕೇಳಿದರು.

“ಇರ್ತಾರ್ರಿ. ವೈನಿ ಇನ್ನೆಲ್ಲಿ ಹೋಗ್ತಾರ?” ಅತ್ತಿಗೆಯತ್ತ ನೋಡದೆಯೇ ಮಹಾರುದ್ರಪ್ಪ ಅಂದ.

ನಾನು ದಂಗಾದೆ. ಬೆಂಚಿನ ಜೊತೆ ಅವಳನ್ನೂ ಮಾರುತ್ತಿದ್ದಾರೆ!

ಅಕ್ಷತಾ ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ದುಡಿಯುವವರ ಪಗಾರ ಕಳೆದ ಮೇಲೆ ಉಳಿದದ್ದೇ ಲಾಭ.

“ದೊಡ್ಡವ್ವ, ನಿನ್ನ ಪಗಾರ ಎಷ್ಟು?”

ನೀಲವ್ವ ನಕ್ಕಳು. “ನನಗ್ಯಾರ ಪಗಾರ ಕೊಡ್ತಾರವ್ವ?”

“ಮನಿ ಹೆಣ್ಮಕ್ಕಳಿಗೆ ಎಂಥಾ ಪಗಾರ!” ಮಹಾರುದ್ರಪ್ಪ ರೇಗಿದ.

ಅಕ್ಷತಾ ಹೋಟೆಲಿನವರತ್ತ ತಿರುಗಿದಳು. “ದೊಡ್ಡವ್ವ ಇರಲಿಲ್ಲ ಅಂದ್ರ ಎಷ್ಟು ಮಂದಿ ಬೇಕ್ರಿ?”

“ಮೂರು ಮಂದಿ. ತಿಂಗಳಿಗೆ ಐವತ್ತು ಸಾವಿರ ಅಂತೂ ಬೇಕು.”

ಅಂದರೆ ವರ್ಷಕ್ಕೆ ಆರು ಲಕ್ಷ; ಲಾಭದ ಆರು ಲಕ್ಷದಿಂದ ಅವಳು ಅದನ್ನು ಕಳೆದಳು. ಮತ್ತೊಮ್ಮೆ ಕಳೆದಳು.

“ಅಪ್ಪಾ, ಲಾಭನ ಇಲ್ಲ. ಇಷ್ಟ್ ವರ್ಷ ನಾವು ತಿಂದಿದ್ದು ದೊಡ್ಡವ್ವನ ಪಗಾರ.”

ಹನ್ನೆರಡೂ ಹೋಯಿತು, ಹದಿನೆಂಟೂ ಹೋಯಿತು. ನೀಲವ್ವ ಕೈ ಒರೆಸಿಕೊಂಡು ಎದ್ದಳು.

“ಹಂಚಿಂದು ಎಷ್ಟಂದಿ?”

“ನೂರಾ ಎಂಬತ್ತು.”

ನಾಗರ ಪಂಚಮಿಗೆ ತವರಿನ ಅಣ್ಣ ಕೊಟ್ಟಿದ್ದ ಇನ್ನೂರು ರೂಪಾಯಿ ಸೆರಗಿನ ಗಂಟಿನಲ್ಲಿತ್ತು. ಅದನ್ನು ಬಿಚ್ಚಿ ಮೈದುನನ ಮುಂದಿಟ್ಟಳು. ಇನ್ನೂ ಬಿಸಿ ಇದ್ದ ನನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರನಡೆದಳು.

ಈಗ ನಾವು ಬೆಟಗೇರಿಯ ಒಂದು ಕೋಣೆಯಲ್ಲಿದ್ದೇವೆ. ನನ್ನ ಅಂಚು ಬಿರುಕು ಬಿಟ್ಟಿದೆ. ಗುಜರಿಯಲ್ಲಿ ನನ್ನ ಬೆಲೆ ಈಗಲೂ ಅಷ್ಟೇ ಇದ್ದೀತು. ರೊಟ್ಟಿ ಬೇಕಾದವರು ಮನೆಗೇ ಬಂದು ಒಯ್ಯುತ್ತಾರೆ, ಲೆಕ್ಕ ಬರೆಯಲು ಅಕ್ಷತಾ ಬರುತ್ತಾಳೆ. ಮೊದಲ ತಿಂಗಳು ಅವಳು ಹದಿನಾರು ಸಾವಿರ ಎಣಿಸಿ ನೀಲವ್ವನ ಕೈಗಿಟ್ಟಳು.

“ಇದು ಯಾರದವ್ವ?” ನೀಲವ್ವ ಕೇಳಿದಳು.

“ನಿಂದು, ದೊಡ್ಡವ್ವ. ಪಗಾರ.”

ನೀಲವ್ವ ಆ ನೋಟುಗಳನ್ನು ಹಿಡಿದು ಸುಮ್ಮನೆ ಕೂತುಬಿಟ್ಟಳು. ನನ್ನ ಮೇಲಿದ್ದ ರೊಟ್ಟಿ ಸೀದುಹೋಯಿತು. ಇಷ್ಟು ವರ್ಷದಲ್ಲಿ ನಮ್ಮಿಬ್ಬರ ಕೈಯಲ್ಲಿ ಸೀದ ರೊಟ್ಟಿ ಅದೊಂದೇ.