ಹಿಂದಿನ ಸೀಟಿನಲ್ಲಿ ಕೇಳಿದ್ದು

ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿಯವಳನ್ನು ಇಡೀ ರಸ್ತೆ ಸೀಟಕ್ಕ ಎಂದೇ ಕರೆಯುತ್ತಿತ್ತು. ಅವಳ ತಮ್ಮನಿಗೆ ಗುಮ್ಮ ಎಂಬ ಹೆಸರು ಬಿದ್ದದ್ದು ಅವನ ಮೌನಕ್ಕೆ. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಮೀಸೆ ಮೂಡುವ ಮೊದಲೇ ನಾಲ್ಕು ದಪ್ಪ ತಂತಿಯ, ತಗ್ಗು ದನಿಯ ಬೇಸ್ ಗಿಟಾರ್ ಹಿಡಿದವನು, ಈಗ ಡ್ರಮ್ಮು ಬಾರಿಸುವ, ಸ್ಯಾಕ್ಸೊಫೋನ್ ಊದುವ ಗೆಳೆಯರನ್ನು ಕಟ್ಟಿಕೊಂಡು ಫಂಕ್, ಜಾಸ್ ಎಂಬ ಹೊರನಾಡಿನ ಸಂಗೀತವನ್ನೆಲ್ಲ ಬೆರೆಸಿ ಒಂದು ಆಲ್ಬಮ್ ಮಾಡಿದ್ದ. ಅಕ್ಕನಿಗೆ ಮಾತನ್ನೂ ಕೊಟ್ಟಿದ್ದ: ಕೇಳಿದವರಿಗೆ ಹಿಡಿಸದಿದ್ದರೆ ಗಿಟಾರ್ ಅಟ್ಟಕ್ಕೆ, ತಾನು ಅಂಗಡಿಗೆ.

ಸೀಟಕ್ಕನಿಗೆ ಅವನು ಅಂಗಡಿಗೆ ಬರುವುದೇ ಬೇಕಿತ್ತು. ಅದನ್ನವಳು ಮುಚ್ಚಿಡಲೂ ಇಲ್ಲ. ಅವಳ ಬೆನ್ನು ಸೋತಿತ್ತು, ಎರಡನೆಯ ಮೆಷಿನ್ ಧೂಳು ತಿನ್ನುತ್ತಿತ್ತು. ಆದರೂ ನ್ಯಾಯ ನ್ಯಾಯವೇ ಎಂದು, ಕಪಾಟಿನ ಮೇಲಿದ್ದ ಅಂಗೈಯಗಲದ ಸ್ಪೀಕರಿನಲ್ಲಿ ವಾರವಿಡೀ ಆಲ್ಬಮ್ ಹಾಕಿ ಬಂದವರನ್ನೆಲ್ಲ ಕೇಳಿದಳು.

"ಆ ಡಬ್ಬದಲ್ಲಿ ನಾನು ಕೇಳಿಸಲ್ಲ ಅಕ್ಕ," ಎಂದ ಗುಮ್ಮ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅಕ್ಕ.

ಎದುರಿನ ಔಷಧಿ ಅಂಗಡಿಯವಳು ತಲೆ ಅಲ್ಲಾಡಿಸಿದಳು. "ಊದೋನು ಪರವಾಗಿಲ್ಲ. ಮಿಕ್ಕಿದ್ದೆಲ್ಲ ತಗಡಿನ ಮೇಲೆ ಬಟಾಣಿ ಸುರಿದ ಹಾಗಿದೆ."

ಹಳೇ ಕಾರಿನ ಸೀಟು ರಿಪೇರಿಗೆ ತಂದಿದ್ದ ನಿವೃತ್ತ ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, "ಎಲ್ಲರೂ ಓಡ್ತಿದಾರಮ್ಮ, ಯಾಕೆ ಓಡ್ತಿದಾರೆ ಅಂತ ಯಾರಿಗೂ ಗೊತ್ತಿಲ್ಲ. ಇದ್ರಲ್ಲಿ ನಿನ್ನ ತಮ್ಮ ಎಲ್ಲಿದಾನೆ?" ಎಂದರು. ಅದು ಸೀಟಕ್ಕನಿಗೂ ಗೊತ್ತಾಗಿರಲಿಲ್ಲ.

ಉಪ್ಪು ಖಾರ ಸೇರಿಸದೆ, ಇದ್ದದ್ದನ್ನು ಇದ್ದ ಹಾಗೆ ತಮ್ಮನಿಗೆ ಹೇಳಿದಳು. ಅವನು "ಸರಿ" ಎಂದ. ಮರುದಿನ ಗಿಟಾರ್ ತಂದು ಅವಳ ಕೈಗೇ ಕೊಟ್ಟ. ಉಳಿದ ರೆಕ್ಸಿನ್ ತುಂಡುಗಳಿಂದ ಅವಳು ಅದಕ್ಕೊಂದು ಚೀಲ ಮಾಡಿ, ಗಿಟಾರ್ ಒಳಗಿಟ್ಟು, ಧೂಳು ನುಗ್ಗದಂತೆ ಬಾಯಿಯನ್ನೂ ಹೊಲಿದುಬಿಟ್ಟಳು. ಅಟ್ಟದಲ್ಲಿ ಮಲಗುವ ಗಿಟಾರಿಗೆ ಜಿಪ್ ಯಾಕೆ? ಗುಮ್ಮ ಎರಡನೆಯ ಮೆಷಿನ್ ಮುಂದೆ ಕೂತು ನೇರ ಹೊಲಿಗೆ ಕಲಿಯತೊಡಗಿದ. ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕೆಲವು ದಿನ ಕಳೆದ ಮೇಲೆ ಟ್ಯಾಕ್ಸಿ ಡ್ರೈವರ್ ಒಬ್ಬ ಹೊಸ ಕವರ್ ಹಾಕಿಸಲು ಬಂದ. ಹಾಡಿನ ಹುಚ್ಚಿನವನು; ಅವನ ಕಾರಿನ ಡಿಕ್ಕಿಯಲ್ಲಿ ಪ್ರಯಾಣಿಕರ ಪೆಟ್ಟಿಗೆಗೆ ಜಾಗವಿರಲಿಲ್ಲ, ಅಲ್ಲಿ ಭರ್ತಿ ದೊಡ್ಡ ಸ್ಪೀಕರ್. ಸೀಟಕ್ಕ ಹಿಂದಿನ ಸೀಟಿಗೆ ಒರಗಿ ಕವರಿನ ದಾರ ಬಿಗಿಯುತ್ತಿದ್ದಳು.

"ನಿಮ್ಮ ತಮ್ಮಂದು ಹಾಕ್ಲಾ ಸೀಟಕ್ಕ?"

"ಹಾಕಪ್ಪ. ಇನ್ನು ಅದೊಂದು ಬಾಕಿ."

ಮೊದಲು ಅದೇ ಡ್ರಮ್ಮು, ಅದೇ ಸ್ಯಾಕ್ಸೊಫೋನ್. ಆಮೇಲೆ ಅಂಗಡಿಯ ಡಬ್ಬದಲ್ಲಿ ಎಂದೂ ಕೇಳದಿದ್ದ ಏನೋ ಒಂದು ಕೆಳಗಿನಿಂದ ಎದ್ದು ಬಂತು. ಅದು ಕಿವಿಗೆ ಬರಲಿಲ್ಲ, ಸೀಟಿನ ಸ್ಪಂಜಿನಿಂದ ನೇರ ಅವಳ ಬೆನ್ನಿಗೆ ಬಂತು. ದಾರ ಕೈಜಾರಿತು. ಬಟಾಣಿಯಂತೆ ಚೆಲ್ಲಾಡುತ್ತಿದ್ದ ಡ್ರಮ್ಮಿಗೆ ಈಗ ನೆಲ ಸಿಕ್ಕಿತ್ತು. ಊದುವವನನ್ನೂ ಡ್ರಮ್ಮಿನವನನ್ನೂ ಒಬ್ಬನೇ ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದ. ನಡೆಯುತ್ತಲೇ ಕುಣಿಯುತ್ತಿದ್ದ, ತಡೆದು ನಿಂತು ಕೀಟಲೆ ಮಾಡುತ್ತಿದ್ದ. ಮನೆಯಲ್ಲಿ ಒಂದು ಮಾತಿಗೆ ಗತಿಯಿಲ್ಲದವನು ಇಲ್ಲಿ ಬಾಯಿತುಂಬ ಮಾತಾಡುತ್ತಿದ್ದ. ಅವಳ ಕಣ್ಣಲ್ಲಿ ನೀರು ಬಂತು. ಇಂಥದ್ದು ತನ್ನ ಮನೆಯೊಳಗೇ ಉಂಡು ಮಲಗುತ್ತಿತ್ತಲ್ಲ ಎಂದು ಭಯವೂ ಆಯಿತು.

"ಇದು ನಮ್ಮ ಗುಮ್ಮನಾ?"

"ಇನ್ಯಾರು? ನೀವು ಕೇಳೇ ಇಲ್ವಾ?"

ತನ್ನ ಅಂಗಡಿಯ ಗಾಜಿನ ಬಾಟಲಿಗಳು ಅದುರಿದ್ದಕ್ಕೆ ಜಗಳಕ್ಕೆಂದು ಬಂದ ಔಷಧಿ ಅಂಗಡಿಯವಳು ಕಾರಿನ ಪಕ್ಕ ನಿಂತೇಬಿಟ್ಟಳು. ಸೀಟು ಒಯ್ಯಲು ಬಂದ ಮೇಷ್ಟ್ರು ಕಾರಿನ ಮೇಲೆ ಅಂಗೈಯಿಟ್ಟು ಕೊನೆಯವರೆಗೂ ಕದಲಲಿಲ್ಲ. ಮುಗಿದ ಮೇಲೆ, "ನಾನು ಅಂದಿದ್ದನ್ನ ವಾಪಸ್ ತಗೊಂಡೆ ಅಂತ ಅವನಿಗೆ ಹೇಳಮ್ಮ," ಎಂದರು.

ಹೇಳಿದರೆ ಅವನು ಗಿಟಾರ್ ಹಿಡಿದು ಹೋಗುತ್ತಾನೆ, ಸುಮ್ಮನಿದ್ದರೆ ಅಂಗಡಿಯಲ್ಲೇ ಉಳಿಯುತ್ತಾನೆ. ಸೀಟಕ್ಕ ಕಾರಿಗೂ ಬಾಗಿಲಿಗೂ ನಡುವೆ ಒಂದು ಗಳಿಗೆ ನಿಂತಳು. ಒಳಗೆ ಗುಮ್ಮ ಮೆಷಿನ್ ನಿಲ್ಲಿಸಿ, ತಲೆ ಬಗ್ಗಿಸಿ ಕೂತಿದ್ದ. ಹೊಲಿಗೆ ನೇರವಾಗಿಯೇ ಇತ್ತು. ಕಲಿತುಬಿಡುತ್ತಿದ್ದ, ಪಾಪ.

ಅವಳು ಸ್ಟೂಲ್ ಹತ್ತಿ ಅಟ್ಟದಿಂದ ಚೀಲ ಇಳಿಸಿದಳು. ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು.

"ಏನಾಯ್ತಕ್ಕ?"

"ಇದಕ್ಕೆ ಜಿಪ್ ಇಡ್ಬೇಕು. ಹೆಗಲಿಗೆ ಪಟ್ಟಿನೂ ಇಲ್ಲ."

"ಅಟ್ಟದಲ್ಲಿರೋದಕ್ಕೆ ಪಟ್ಟಿ ಯಾಕೆ?"

"ನೆಲಾನೇ ಡೊಂಕಿತ್ತು ಕಣೋ," ಎಂದಳು ಸೀಟಕ್ಕ. "ಏಳು, ಅಳತೆ ತಗೋತೀನಿ."

ಗುಮ್ಮ ಎದ್ದು ನಿಂತ. ಅವಳು ಹೆಗಲಿಂದ ಸೊಂಟದವರೆಗೆ ಟೇಪು ಹಿಡಿದಳು.

"ಮತ್ತೆ ಅಂಗಡಿ?" ಎಂದ ಅವನು.

ಅವಳು ಪಟ್ಟಿಗೆಂದು ರೆಕ್ಸಿನ್ ಒಂದು ಮಡಿಕೆಗೆ ಕತ್ತರಿಸಿದಳು. ದೂರದ ದಾರಿಗೆ ಅದು ತಾಳದೆಂದು ಬದಿಗೆ ಸರಿಸಿ, ಎರಡು ಮಡಿಕೆಗೆ ಬೇರೆ ಕತ್ತರಿಸಿದಳು.