ಗೇರಿನ ಕೈ

ಬೆಳಕು ಕಟ್ಟೆಯ ಕರಿಕಲ್ಲಿನ ಮೇಲೆ ಬಿದ್ದು ಹಾಗೇ ಜಾರಿ ಸಿಂಕಿನೊಳಗೆ ಇಳಿಯುತ್ತಿದೆ, ಇಷ್ಟು ಬೆಳಕು ಈ ಅಡುಗೆಮನೆ ಎಂದೂ ಕಂಡಿರಲಿಲ್ಲ, ಫೋಟೋದವನು ದೊಡ್ಡ ದೀಪಗಳನ್ನು ಬಾಗಿಲಾಚೆಯೇ ನಿಲ್ಲಿಸಿದ್ದಾನೆ, ಒಳಗೆ ಜಾಗವಿಲ್ಲವಲ್ಲ — ಅದಕ್ಕೇ ತಾನೆ ಬಹುಮಾನ, ಚಿಕ್ಕ ಮನೆಗಳ ಅಡುಗೆಮನೆ ವಿನ್ಯಾಸಕ್ಕೆ ಈ ವರ್ಷದ ಮೊದಲ ಬಹುಮಾನ, ಒಂದು ಮಂಚ ಹಾಕಿದರೆ ಮುಗಿದುಹೋಗುವ ಜಾಗದಲ್ಲಿ ಇಡೀ ಸಂಸಾರದ ಅಡುಗೆ ಎಂದು ತೀರ್ಪುಗಾರರು ಹೊಗಳಿದ್ದಾರಂತೆ, ಸಂಸಾರ ಎಲ್ಲಿದೆ, ಅವಳು ಬಾಗಿಲಿಗೆ ಒರಗಿ ನಿಂತಿದ್ದಾಳೆ, ಗಂಡ ಹೋದ ಮೇಲೆ ಈ ಒಲೆ ಹೊತ್ತಿಲ್ಲ, ಮೂಲೆಯಂಗಡಿಯ ಬ್ರೆಡ್ಡಿನಲ್ಲೇ ದಿನ ತಳ್ಳುತ್ತಿದ್ದಾಳೆ, ಮೊದಲಿಂದಲೂ ಅಡುಗೆ ಅವನದೇ, ಊರಿಗೆಲ್ಲ ಅಡುಗೆಮನೆ ಮಾಡಿಕೊಡ್ತೀಯ, ನಿನಗೆ ನೀರು ಕಾಯಿಸೋಕೂ ಬರಲ್ಲವಲ್ಲೇ ಇಂಜಿನಿಯರಮ್ಮ ಅಂತ ರೇಗಿಸುತ್ತಿದ್ದ, ದಿನವಿಡೀ ಬಸ್ಸು ಓಡಿಸಿ ಬಂದವನು ಕೈಕಾಲು ತೊಳೆದು ಸೀದಾ ಒಲೆಯ ಮುಂದೆ — ಮೊಣಕಾಲಲ್ಲಿ ತಳ್ಳಿದ್ರೆ ತೆಗೆಯೋ ಡ್ರಾಯರು ಸೂಪರ್ ಐಡಿಯಾ ಮೇಡಂ, ತುಂಬ ಜಾಗ ಉಳಿಯುತ್ತೆ ಅಲ್ವಾ, ಹ್ಞೂಂ ಉಳಿಯುತ್ತೆ ಅಂದಳು, ಅದು ಜಾಗ ಉಳಿಸುವುದಕ್ಕೆ ಮಾಡಿದ್ದಲ್ಲ ಅಂತ ಈ ಫೋಟೋದ ಹುಡುಗನಿಗೆ ಎಲ್ಲಿಂದ ಹೇಳುವುದು, ಬಸ್ಸಿನ ಮೆಟ್ಟಿಲಿಳಿಯುವಾಗ ಲಕ್ವ ಹೊಡೆದು ಕುಸಿದುಬಿದ್ದವನು ಆಸ್ಪತ್ರೆಯಿಂದ ಬಂದಾಗ ಎಡಗೈ ಯಾರದೋ ಕೈಯನ್ನು ತಂದು ಹೊಲಿದ ಹಾಗೆ ಜೋತುಬಿದ್ದಿತ್ತು, ಗೇರಿನ ಕೈ ಹೋಯ್ತು ಕಣೇ, ಸ್ಟೇರಿಂಗಿನ ಕೈ ಉಳೀತು ಅಂತ ನಗಿಸಲು ನೋಡಿದ, ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಮೆಟ್ಟಿಲು ಹತ್ತಲಾಗದೆ ಹಳೇ ಮನೆ ಬಿಟ್ಟು ನೆಲಮಹಡಿಯ ಈ ಗೂಡಿಗೆ ಬಂದದ್ದು, ಇಲ್ಲಿಯ ಅಡುಗೆಮನೆಯಲ್ಲಿ ಮೊದಲ ದಿನವೇ ಪಾತ್ರೆ ಜಾರಿ ಬಿಸಿನೀರೆಲ್ಲ ನೆಲಕ್ಕೆ, ಅವನು ಒದ್ದೆ ನೆಲದ ಮೇಲೇ ಗೋಡೆ ನೋಡುತ್ತ ಕೂತುಬಿಟ್ಟ, ನೀನೇ ಮಾಡು ಇನ್ಮೇಲೆ ಅಂದ, ಅವಳು ಮಾಡಲಿಲ್ಲ, ಆಫೀಸಿನಿಂದ ರಟ್ಟು ಹೊತ್ತು ತಂದು ಕಟ್ಟೆ, ಕಪಾಟು, ಒಲೆ ಎಲ್ಲ ರಟ್ಟಿನಲ್ಲೇ ನಿಲ್ಲಿಸಿದಳು, ರೀ ಒಂದ್ಸಲ ಒಳಗೆ ಬನ್ನಿ, ಇಲ್ಲಿ ತಿರುಗಿ, ಮೊಣಕಾಲು ಎಲ್ಲಿಗೆ ತಾಗುತ್ತೆ ಹೇಳಿ, ಬೇಡ ಬೇಡ ಅಂತಲೇ ಎದ್ದವನು ಹೊಟ್ಟೆ ಎಳೆದುಕೊಂಡು ರಟ್ಟಿನ ನಡುವೆ ನುಗ್ಗಿ, ರೈಟ್ ರೈಟ್, ಹೋಲ್ಡಾನ್, ಹಿಂದೆ ಯಾರಿದೀರಪ್ಪಾ — ಎಷ್ಟೋ ಕಾಲದ ಮೇಲೆ ಆ ದನಿ, ಪಾತ್ರೆ ಅಲುಗದಂತೆ ಕಲ್ಲಿನಲ್ಲಿ ಗುಂಡಿ ಕೊರೆಸಿದಳು, ಎಲ್ಲವೂ ಬಲಗೈಗೆ ಎಟುಕುವಂತೆ, ಒಂದು ಚಳಿಗಾಲ ಪೂರ್ತಿ ಅವನು ಇಲ್ಲಿ ರಾಜನ ಹಾಗೆ ಅಡುಗೆ ಮಾಡಿದ, ಕಳಿಸೇ ಸ್ಪರ್ಧೆಗೆ, ನಮ್ಮ ಗಾಡಿಗೂ ಒಂದು ಪದಕ ಬರಲಿ ಅಂತ ಹಟ ಹಿಡಿದವನೂ ಅವನೇ, ಫಲಿತಾಂಶ ಬರುವಷ್ಟರಲ್ಲಿ ನಿದ್ದೆಯಲ್ಲೇ ಇನ್ನೊಮ್ಮೆ — ಮೇಡಂ, ಈ ಹಲಗೇಲಿ ಎರಡು ಮೊಳೆ ಎದ್ದಿವೆ, ಕಿತ್ತುಬಿಡ್ಲಾ, ಬೇಡ, ಅದು ಇರಲಿ, ಯಾಕೆ ಮೇಡಂ, ಹೆಚ್ಚುವಾಗ ತರಕಾರಿ ಉರುಳಬಾರದು ಅಂತ, ಕೈಯಲ್ಲಿ ಹಿಡ್ಕೊಂಡ್ರೆ ಆಯ್ತಲ್ಲ, ಹೌದು, ಹಿಡಿದುಕೊಂಡರೆ ಆಯ್ತು.

ಏನಾದ್ರೂ ಹೆಚ್ಚಿ ಮೇಡಂ, ಮನುಷ್ಯರಿದ್ರೆ ಫೋಟೋಗೆ ಜೀವ ಬರುತ್ತೆ, ಫೋಟೋದವನು ತಾನೇ ತಂದ ಬುಟ್ಟಿಯಿಂದ ಒಂದು ಈರುಳ್ಳಿ ಕೊಟ್ಟ, ಅವಳು ಒಳಗೆ ಬಂದು ನಿಂತಳು, ಬಲ ಅಂಗೈಯಲ್ಲಿ ಒತ್ತಿದಾಗ ಈರುಳ್ಳಿ ಕರ್ರೆಂದು ಮೊಳೆಗೆ ಕೂತಿತು, ಅದೇ ಕೈಗೆ ಚಾಕು ತಾನಾಗಿ ಸಿಕ್ಕಿತು, ಮೊದಲ ಹೋಳು, ಎರಡನೆಯದು, ಕಣ್ಣು ಉರಿಯುತ್ತಿದೆ, ಉರಿಯಲಿ, ಈರುಳ್ಳಿ ಎಂದರೆ ಯಾರೂ ಏನೂ ಕೇಳುವುದಿಲ್ಲ, ಮೇಡಂ ಎಡಗೈಯಲ್ಲಿ ಹಿಡ್ಕೊಳ್ಳಿ, ಸುಮ್ನೆ ಜೋತುಬಿದ್ದಿದೆ, ಚಂದ ಕಾಣಲ್ಲ, ಹೌದಲ್ಲ, ಎತ್ತಬೇಕು, ಎತ್ತುತ್ತೇನೆ ಅಂದುಕೊಂಡಳು, ಬಳೆ ಮಣಿಕಟ್ಟಿಗೆ ಇಳಿದಿದೆ, ಬೆರಳು ನೆಲದ ಕಡೆಗೆ, ಅವನ ಕೈ ಇದ್ದ ಹಾಗೇ, ಎತ್ತಬೇಕು, ಮೇಡಂ ಎಡಗೈ, ಬೆರಳು ನೆಲದ ಕಡೆಗೆ, ಎಡಗೈ —